ಬೆರಳು ಬೆಚ್ಚಗಾಗುವವರೆಗೆ

ಇಂಗೆಮಾರ್ ಬಂದಾಗಲೆಲ್ಲ ಅವನ ಕೈ ತಣ್ಣಗಿರುತ್ತಿತ್ತು. ಬೂಟುಗಳನ್ನು ಬಾಗಿಲ ಬಳಿ ಬಿಟ್ಟು, ಉಣ್ಣೆಯ ಕಾಲುಚೀಲದಲ್ಲೇ ಅಡುಗೆಮನೆಗೆ ಬಂದು, ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು, ಎಡಗೈಯನ್ನು ಮೇಜಿನ ಮೇಲೆ ಅಂಗಾತ ಇಡುತ್ತಿದ್ದ. ಗುನ್ವೋರ್ ಅದನ್ನು ತನ್ನ ಎರಡು ಅಂಗೈಗಳ ನಡುವೆ ತೆಗೆದುಕೊಳ್ಳುತ್ತಿದ್ದಳು.

ಕೊಲೆಸ್ಟರಾಲ್ ನೋಡುವ ಯಂತ್ರದ ನಿಯಮವೇ ಹಾಗೆ. ತಣ್ಣನೆಯ ಬೆರಳಿನಿಂದ ರಕ್ತ ಸರಿಯಾಗಿ ಬರುವುದಿಲ್ಲ. ಹಿಂಡಿ ತೆಗೆದರೆ ಅಂಕಿ ತಪ್ಪಾಗಬಹುದು. ಮೊದಲು ಕೈ ಬೆಚ್ಚಗಾಗಬೇಕು ಎಂದು ಕೈಪಿಡಿಯ ನಾಲ್ಕನೇ ಪುಟದಲ್ಲಿದೆ. ಬಿಸಿನೀರಿನಲ್ಲಿ ತೊಳೆದರೂ ಸಾಕು ಎಂದು ಅದೇ ಪುಟದಲ್ಲಿದೆ. ಆ ಸಾಲಿನ ಬಗ್ಗೆ ಇಬ್ಬರೂ ಯಾವತ್ತೂ ಮಾತೆತ್ತಿರಲಿಲ್ಲ.

ಅವನು ಗ್ರಂಥಾಲಯದ ಬಸ್ಸು ಓಡಿಸುತ್ತಿದ್ದ. ಎರಡು ವಾರಕ್ಕೊಮ್ಮೆ, ಗುರುವಾರ ಹತ್ತು ಗಂಟೆಗೆ, ದೂರದ ಉತ್ತರ ಸೀಮೆಯ ಉಮೆ ನದಿಯ ಮೇಲ್ಭಾಗದ ಆ ಹಳ್ಳಿಯಲ್ಲಿ ಬಸ್ಸು ಗುನ್ವೋರಳ ಮನೆಯ ಎದುರಿಗೇ ನಿಂತು ಬಾಗಿಲು ತೆಗೆಯುತ್ತಿತ್ತು. ಗಂಡ ತೀರಿಹೋಗಿ ಏಳು ವರ್ಷವಾಗಿದ್ದ ಗುನ್ವೋರ್, ಶಾಲೆಯ ಅಡುಗೆ ಕೆಲಸದಿಂದ ನಿವೃತ್ತಳಾಗಿದ್ದಳು. ತಂದೆಯ ಕಡೆ ಎಲ್ಲರಿಗೂ ಕೊಲೆಸ್ಟರಾಲ್. ಆಸ್ಪತ್ರೆ ಎಪ್ಪತ್ತು ಕಿಲೋಮೀಟರ್ ದೂರ. ಹಾಗಾಗಿ ಅಂಗೈಯಗಲದ ಆ ಯಂತ್ರ ಕೊಂಡಿದ್ದಳು. ಮಾರ್ಚ್‌ನಲ್ಲಿ ಪುಸ್ತಕ ಹಿಂದಿರುಗಿಸಲು ಹೋದಾಗ ಅವಳ ಬೆರಳಿನ ಪಟ್ಟಿ ನೋಡಿ ಅವನು ವಿಚಾರಿಸಿದ. ಐದರೊಳಗೆ ಇರಬೇಕಾದ ಕೊಲೆಸ್ಟರಾಲ್ ತನ್ನದೂ ಆರರ ಹತ್ತಿರ ಇದೆಯಂತೆ, ಊಟ ಬದಲಿಸು ಎಂದು ನರ್ಸ್ ಹೇಳಿದ್ದಾರೆ ಎಂದ.

"ಮುಂದಿನ ಸಲ ಬೆಳಗ್ಗೆ ಏನೂ ತಿನ್ನದೆ ಬಾ. ಬಸ್ಸಿನ ಬಾಗಿಲು ತೆಗೆಯೋ ಮುಂಚೆ ನೋಡೋಣ," ಎಂದಿದ್ದಳು.

ಅಂದಿನಿಂದ ಬರುತ್ತಿದ್ದ. ಮೂರು ತಿಂಗಳಿಗೊಮ್ಮೆ ನೋಡಿದರೆ ಸಾಕು ಎಂದೂ ಆ ಕೈಪಿಡಿಯಲ್ಲಿದೆ.

ಈಗ ನವೆಂಬರ್. ಹೊರಗೆ ಬೆಳಕು ಇನ್ನೂ ನೀಲಿಯಾಗಿತ್ತು.

"ಬೆಣ್ಣೆ?" ಕೈ ಹಿಡಿದುಕೊಂಡೇ ಕೇಳಿದಳು.

"ಬಿಟ್ಟೆ."

"ಸಾಸೇಜು?"

"ನಾಯಿಗೆ ಹಾಕ್ತಾ ಇದ್ದೀನಿ. ನಾಯಿ ಈಗ ಮೆಟ್ಟಿಲು ಹತ್ತಲ್ಲ."

"ಕಾಫಿಯಲ್ಲಿ ನೆನೆಸಿ ತಿನ್ನೋ ಚೀಸು?"

"ಅದನ್ನ ಬಿಟ್ಟಾಗ ಮಾತ್ರ ಸ್ವಲ್ಪ ಅಳು ಬಂತು."

ಅವಳು ನಗಲಿಲ್ಲ. ಬೆರಳುಗಳು ಬೆಚ್ಚಗಾಗಿ ತುಂಬ ಹೊತ್ತಾಗಿತ್ತು. ಉಂಗುರದ ಬೆರಳಿನ ತುದಿಯಲ್ಲಿ ಅವನ ನಾಡಿ ಸಣ್ಣಗೆ ತಟ್ಟುತ್ತಿತ್ತು.

"ಚುಚ್ಚಲಾ?"

ಅವನು ತುಟಿ ಚೂಪು ಮಾಡಿ ಉಸಿರನ್ನು ಒಳಕ್ಕೆ ಎಳೆದ. ಆ ಸೀಮೆಯವರು ಹೌದು ಎನ್ನುವುದೇ ಹಾಗೆ.

ಮೊದಲ ಹನಿ ಒರೆಸಿದಳು. ಎರಡನೆಯದನ್ನು ಗಾಜಿನ ಕೊಳವೆಗೆ ಹಿಡಿದು ಯಂತ್ರದ ಪರೀಕ್ಷಾ ಪಟ್ಟಿಯ ಮೇಲೆ ಬಿಟ್ಟಳು. ಯಂತ್ರ ಮೂರು ನಿಮಿಷ ಕೇಳುತ್ತದೆ. ಬೇರೆ ದಿನಗಳಲ್ಲಿ ಆ ಮೂರು ನಿಮಿಷ ಅವಳಿಗೆ ಸಾಲುತ್ತಿರಲಿಲ್ಲ. ಇವತ್ತು ಮುಗಿಯುವಂತೆಯೇ ಕಾಣಲಿಲ್ಲ.

ಮಂಗಳವಾರ ಅವಳು ತನ್ನ ಅಂಕಿ ಹೇಳಲು ನರ್ಸ್‌ಗೆ ಫೋನ್ ಮಾಡಿದ್ದಳು. ಮಾತಿನ ನಡುವೆ ನರ್ಸ್, ಯಾವ ಕಾಫಿ ಕುಡಿಯುತ್ತೀರಿ ಎಂದರು. ಪುಡಿ ಹಾಕಿ ಕುದಿಸಿ, ಸೋಸದೆ ಕುಡಿಯುವ ಕಾಫಿಯಲ್ಲಿ ಉಳಿಯುವ ಎಣ್ಣೆಯಂಶ ಕೊಲೆಸ್ಟರಾಲ್ ಏರಿಸುತ್ತದೆ, ಕಾಗದದಲ್ಲಿ ಸೋಸಿದರೆ ಬಹುಪಾಲು ಕಾಗದದಲ್ಲೇ ಉಳಿಯುತ್ತದೆ ಎಂದರು. ಗುನ್ವೋರ್ ಫೋನ್ ಇಟ್ಟು ಒಲೆಯ ಮೇಲಿನ ಮಸಿ ಹಿಡಿದ ಪಾತ್ರೆಯನ್ನೇ ನೋಡಿದಳು. ಏಪ್ರಿಲ್‌ನಲ್ಲಿ ಅವನಿಗೆ ಹಾಗೆ ಕುದಿಸುವುದನ್ನು ಕಲಿಸಿದವಳು ಅವಳೇ. ತರಿಪುಡಿಯ ಪೊಟ್ಟಣ ಕಟ್ಟಿಕೊಟ್ಟವಳೂ ಅವಳೇ. ಮನೆಯಲ್ಲಿ ದಿನಕ್ಕೆ ಆರು ಲೋಟ ಅದನ್ನೇ ಕುಡಿಯುತ್ತೇನೆ ಎಂದು ಅವನು ಹೇಳಿದಾಗ ಅವಳಿಗೆ ಖುಷಿಯಾಗಿತ್ತು.

ಹೇಳಿದರೆ ಅಂಕಿ ಇಳಿಯುತ್ತದೆ. ಇಳಿದರೆ ಆ ಕುರ್ಚಿ ಖಾಲಿಯಾಗುತ್ತದೆ. ಎರಡು ದಿನ ಆ ಮಾತನ್ನು ನುಂಗಿಕೊಂಡಿದ್ದಳು.

ಯಂತ್ರ ಸದ್ದು ಮಾಡಿತು. ಆರು ಪಾಯಿಂಟ್ ಏಳು.

"ಮತ್ತೆ ಏರಿದೆ," ಎಂದಳು. ಅವನ ಕಣ್ಣು ನೋಡದೆ, ಬೆರಳಿಗೆ ಹತ್ತಿ ಒತ್ತುತ್ತಾ ಹೇಳಿಬಿಟ್ಟಳು. "ಇದಕ್ಕೆ ಕಾರಣ ಕಾಫಿ, ಇಂಗೆಮಾರ್. ನನ್ನ ಕಾಫಿ. ಸೋಸದೆ ಕುಡೀಬಾರದಂತೆ. ಮಂಗಳವಾರ ಗೊತ್ತಾಯ್ತು."

ಅವನು ಕಿಟಕಿಯಾಚೆ ತನ್ನ ಬಸ್ಸನ್ನು ನೋಡುತ್ತಾ ಕೂತ.

"ನನಗೆ ಮೇ ತಿಂಗಳಲ್ಲೇ ಗೊತ್ತಾಯ್ತು," ಎಂದ.

"ಏನು?"

"ನರ್ಸ್ ಆವಾಗಲೇ ಹೇಳಿದ್ರು."

ಅವಳು ಹತ್ತಿ ಒತ್ತುವುದನ್ನು ನಿಲ್ಲಿಸಿದಳು. "ಗೊತ್ತಿದ್ದೂ ದಿನಾ ಆರು ಲೋಟ? ನಿನ್ನ ಅಣ್ಣನ ಹಾರ್ಟ್‌ಗೆ ಏನಾಯ್ತು ಅಂತ ನೀನೇ ಹೇಳಿದ್ದೆ. ಮತಿ ಇದೆಯಾ ನಿನಗೆ? ಮನೆಯಲ್ಲಿ ಸೋಸೋ ಮೆಷಿನ್ ಇಲ್ವಾ?"

"ಇದೆ. ಏಪ್ರಿಲ್‌ನಲ್ಲೇ ಅಟ್ಟಕ್ಕೆ ಹಾಕ್ದೆ."

"ಯಾಕೆ?"

ಅವನಿಗೆ ಉದ್ದ ಮಾತು ಬರುತ್ತಿರಲಿಲ್ಲ. ಬಸ್ಸಿನಲ್ಲಿ ಮೂರು ಸಾವಿರ ಪುಸ್ತಕ ಇಟ್ಟುಕೊಂಡವನು ಒಂದು ವಾಕ್ಯಕ್ಕೆ ಇಷ್ಟು ತಡಕಾಡುವುದನ್ನು ಅವಳು ಹಿಂದೆ ನೋಡಿರಲಿಲ್ಲ.

"ಬೆಳಗ್ಗೆ ಅದು ಕುದಿಯೋ ವಾಸನೆ ಬಂದ್ರೆ ನನ್ನ ಅಡುಗೆಮನೆ ಈ ಅಡುಗೆಮನೆ ಥರ ಆಗುತ್ತೆ," ಎಂದ. ಬೆರಳಿನ ಹತ್ತಿಯನ್ನು ತಾನೇ ಒತ್ತಿಕೊಂಡು, "ಮಧ್ಯದಲ್ಲಿ ಹದಿಮೂರು ದಿನ ಇರುತ್ತಲ್ಲ," ಎಂದ.

ಗುನ್ವೋರ್ ಎದ್ದು ಅವನಿಗೆ ಬೆನ್ನು ಮಾಡಿ ನಿಂತಳು. ಕಪಾಟಿನಿಂದ ಒಂದು ಜರಡಿ, ನಿನ್ನೆ ಅಂಗಡಿಯಿಂದ ತಂದಿದ್ದ ಕಾಗದದ ಕಟ್ಟು ತೆಗೆದಳು. ಕುದಿಸಿದ್ದ ಕಾಫಿಯನ್ನು ಕಾಗದದ ಮೇಲೆ ಸುರಿದಳು. ಅದು ಹನಿಹನಿಯಾಗಿ ಇಳಿಯಿತು. ಇಬ್ಬರೂ ಅದನ್ನೇ ಕಾಯ್ದರು.

ಅವನು ಒಂದು ಗುಟುಕು ಕುಡಿದ.

"ಹೇಗಿದೆ?"

"ಸಪ್ಪೆ."

"ಅಭ್ಯಾಸ ಮಾಡ್ಕೋ." ಅವಳು ತನ್ನ ಕುರ್ಚಿಗೆ ಮರಳಿದಳು. "ಅಂಕಿ ಇಳಿದರೆ ಇಷ್ಟು ಸಲ ನೋಡೋದು ಬೇಕಾಗಲ್ಲ. ಮೂರು ತಿಂಗಳಿಗೊಮ್ಮೆ ಸಾಕು, ಕೈಪಿಡಿಯಲ್ಲಿದೆ."

"ಓದಿದ್ದೀನಿ. ಬಿಸಿನೀರಿನ ವಿಷಯಾನೂ ಓದಿದ್ದೀನಿ."

ಅವಳ ಕಿವಿ ಕೆಂಪಾಯಿತು. ಹೊರಗೆ ಬಸ್ಸಿನ ಬಳಿ ಯಾರೋ ಬಂದು ಹಿಮ ಕೊಡವಿಕೊಳ್ಳುತ್ತಾ ನಿಂತಿದ್ದರು. ಗಡಿಯಾರದಲ್ಲಿ ಹತ್ತು ದಾಟಿ ನಾಲ್ಕು ನಿಮಿಷ. ಇಷ್ಟು ತಿಂಗಳಲ್ಲಿ ಅವನು ಒಂದು ದಿನವೂ ತಡ ಮಾಡಿರಲಿಲ್ಲ.

"ಮುಂದಿನ ಗುರುವಾರ ಮಾಂಸದ ಸಾರು ಮಾಡ್ತೀನಿ. ಕೊಬ್ಬಿಲ್ಲದ್ದು," ಎಂದಳು.

"ಮುಂದಿನ ಗುರುವಾರ ಬಸ್ಸು ಈ ಕಡೆ ಬರಲ್ಲ."

"ಬಸ್ಸಿಗೆ ಸಾರು ಯಾಕೆ? ನಾನು ನಿನ್ನನ್ನ ಕೇಳ್ತಾ ಇದ್ದೀನಿ."

ಅವನು ಲೋಟ ಕೆಳಗಿಟ್ಟು, ಬೆಚ್ಚಗೇ ಇದ್ದ ಎಡಗೈಯನ್ನು ಮೊದಲಿನ ಹಾಗೆ ಮೇಜಿನ ಮೇಲೆ ಅಂಗಾತ ಇಟ್ಟ. ಅವಳು ಅದನ್ನು ತೆಗೆದುಕೊಂಡಳು. ಅವನು ತುಟಿ ಚೂಪು ಮಾಡಿ, ಮೆಲ್ಲಗೆ, ಉಸಿರನ್ನು ಒಳಕ್ಕೆ ಎಳೆದ.