ನಲವತ್ತನಾಲ್ಕು ಪಾಯಿಂಟ್ ಆರು

"ಐವತ್ತೆರಡು ಪಾಯಿಂಟ್ ಏಳು!" ತಕ್ಕಡಿಯ ಹತ್ತಿರದಿಂದ ಅತ್ತೆ ಕೂಗಿದಳು.

"ಐವತ್ತಮೂರು," ಎನ್ನುತ್ತ ಹುಡುಗಿ ಬರೆದುಕೊಂಡಳು.

"ನಲವತ್ತೊಂಬತ್ತು ಪಾಯಿಂಟ್ ಮೂರು!"

"ನಲವತ್ತೊಂಬತ್ತು."

ಚಳಿ ಇನ್ನೂ ಪೂರ್ತಿ ಹೋಗಿರಲಿಲ್ಲ. ಹೊಲಗಳಲ್ಲಿ ಆಲೂಗಡ್ಡೆ ಅಗೆಯಲು ಶುರುಮಾಡಿ ಎಂಟು ದಿನವಾಗಿತ್ತು. ರಸ್ತೆ ಬದಿಯ ತಗಡಿನ ಶೆಡ್ಡಿನ ಮುಂದೆ ಬೆಳಿಗ್ಗೆ ಏಳಕ್ಕೇ ಚೀಲಗಳ ಸಾಲು ನಿಂತಿತ್ತು.

ಅರ್ಧ ಕಿಲೋ ದಾಟಿದರೆ ಮೇಲಿನ ಕಿಲೋ, ದಾಟದಿದ್ದರೆ ಕೆಳಗಿನದು. ಅದು ಶೆಡ್ಡಿನ ಪದ್ಧತಿ. ಬೆಳೆದವರೂ ಒಪ್ಪಿದ್ದರು, ಕೊಳ್ಳುವವರೂ ಒಪ್ಪಿದ್ದರು. ಗಡ್ಡೆಗೆ ಅಂಟಿದ ಮಣ್ಣನ್ನು ಕೂತು ಕೆರೆಯುವವರು ಯಾರು?

ಹುಡುಗಿಯ ಅತ್ತೆ, ಅಪ್ಪನ ತಂಗಿ, ಅಲ್ಲಿ ತೂಕ ನೋಡುವ ಕೆಲಸಕ್ಕೆ ಸೇರಿ ಆರು ವರ್ಷವಾಗಿತ್ತು. ಶಾಲೆಗೆ ರಜೆ ಇದ್ದ ದಿನ ಹುಡುಗಿ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ತೂಕ ಬರೆಯುತ್ತಿದ್ದಳು. ಹಮಾಲರು ಅವಳಿಗೆ ರೈಟರಮ್ಮ ಎಂದು ಹೆಸರಿಟ್ಟಿದ್ದರು.

ಆ ದಿನ ರೈಟರಮ್ಮನಿಗೆ ಇನ್ನೊಂದು ಕೆಲಸವೂ ಇತ್ತು. ಲಾ ಕಾಲೇಜಿಗೆ ಅರ್ಜಿ ಹಾಕಲು ಅದೇ ಕೊನೆಯ ದಿನ. ಅತ್ತೆಯ ಎರಡೂ ಕೈ ಮಣ್ಣಾಗಿತ್ತು. ಹಾಗಾಗಿ ಫೋನು ಹುಡುಗಿಯ ಕೈಯಲ್ಲಿತ್ತು.

"ಲಾಯರ್ ಆಗೋಕೆ ಏನೇನು ಬೇಕಂತೆ?" ಹಿರಿಯ ಹಮಾಲ ಚೀಲ ಇಳಿಸಿ ಸೊಂಟ ಹಿಡಿದುಕೊಂಡು ಕೇಳಿದ.

"ಯಾವುದಾದ್ರೂ ಒಂದು ಡಿಗ್ರಿ ಆಗಿರ್ಬೇಕು. ಆಮೇಲೆ ಮೂರು ವರ್ಷ ಓದು. ವಯಸ್ಸಿಗೆ ಮಿತಿ ಇಲ್ಲ," ಎಂದಳು ಅತ್ತೆ.

"ಮಿತಿ ಇಲ್ವಾ? ಹಾಗಿದ್ರೆ ನನ್ನ ಹೆಸರೂ ಬರ್ಕೋ ರೈಟರಮ್ಮ!"

"ಮೊದ್ಲು ಡಿಗ್ರಿ ಮಾಡ್ಕೊಂಡು ಬಾ ಮಾವ."

"ಅದು ಬೇರೆ ಬೇಕಾ? ಬೇಡ ಬಿಡು, ನನಗೆ ಚೀಲಾನೇ ವಾಸಿ."

ಅತ್ತೆಗೆ ಈ ಆಸೆ ಹುಟ್ಟಿದ್ದು ಹೋದ ವರ್ಷ. ಗುತ್ತಿಗೆ ಹೊಲದ ಕಾಗದ ಒಂದನ್ನು ಓದಿ ಹೇಳುವುದಕ್ಕೆ ಪಟ್ಟಣದ ವಕೀಲರು ಎರಡು ಚೀಲ ಆಲೂಗಡ್ಡೆಯ ಬೆಲೆ ತೆಗೆದುಕೊಂಡಿದ್ದರು. ಇದ್ದದ್ದು ಒಂದೇ ಪುಟ. "ಓದೋಕೆ ನನಗೂ ಬರುತ್ತಲ್ಲ," ಎಂದಿದ್ದಳು ಅತ್ತೆ. ಅಲ್ಲಿಂದ ಮುಂದೆ ಯಾರು ಯಾವ ಕಾಗದ ತಂದರೂ, "ಓದದೆ ಸಹಿ ಹಾಕ್ಬೇಡಿ," ಎಂದು ಗದರುತ್ತಿದ್ದಳು.

"ಅತ್ತೆ, ಡಿಗ್ರಿ ಪರ್ಸೆಂಟೇಜ್ ಎಷ್ಟು?"

"ನಲವತ್ತನಾಲ್ಕು ಪಾಯಿಂಟ್ ಆರು!"

ಹುಡುಗಿಯ ಬೆರಳು ತಾನಾಗಿಯೇ ನಾಲ್ಕು, ಐದು ಒತ್ತಿತು. ಫಾರ್ಮ್ ಮುಂದಕ್ಕೆ ಹೋಯಿತು.

ಕೊನೆಗೆ ಸಹಿ ಹಾಕುವ ಜಾಗ ಬಂತು. ತಕ್ಕಡಿಯ ಮೇಲೆ ಚೀಲ ಕಾಯುತ್ತಿತ್ತು, ಅದರ ಹಿಂದೆ ಟ್ರ್ಯಾಕ್ಟರ್ ಹಾರನ್ ಹೊಡೆಯುತ್ತಿತ್ತು. ಅತ್ತೆ ಬೆರಳನ್ನು ಒರೆಸಿಕೊಂಡು ಫೋನಿನ ಮೇಲೆ ಸಹಿ ಎಳೆದಳು. ಅರ್ಜಿಯ ಫೀಸು ಎಂಟುನೂರು ಕಟ್ಟಿದ್ದಾಯಿತು.

ಹದಿನೈದು ದಿನದ ಮೇಲೆ ಕಾಲೇಜಿನಿಂದ ಮೆಸೇಜ್ ಬಂತು. ಅಸಲಿ ಕಾಗದಗಳನ್ನೂ ಮೊದಲ ವರ್ಷದ ಫೀಸು ಹದಿನೆಂಟು ಸಾವಿರವನ್ನೂ ತರಬೇಕು.

ಅಪ್ಪ ಬೆರಳು ಮಡಿಸುತ್ತ ಎಣಿಸಿದ. "ವರ್ಷಕ್ಕೆ ಹದಿನೆಂಟು. ಪುಸ್ತಕ. ಬಸ್ ಪಾಸು. ಪರೀಕ್ಷೆ ಫೀಸು ಬೇರೆ. ಆಮೇಲೆ ಕರಿ ಕೋಟು."

"ಕೋಟು ಈಗ್ಲೇ ಬೇಡ ಅಣ್ಣ."

"ಮದುವೆ ಅಂದ್ರೆ ಮುಖ ತಿರುಗಿಸ್ತಿದ್ಲು. ಈಗ ನೋಡು, ಕೋಟಿನ ತನಕ ಹೋದ್ಲು," ಎಂದಳು ಅಜ್ಜಿ.

ಅಪ್ಪ ಬಾವಿಯ ಮೋಟಾರು ಬದಲಿಸಲು ಇಟ್ಟಿದ್ದ ಹಣವನ್ನು ತಂದುಕೊಟ್ಟ. ಹದಿನೆಂಟು ಸಾವಿರ. ಅರ್ಜಿಗೆ ಕೊಟ್ಟಿದ್ದ ಎಂಟುನೂರೂ ಅವನದೇ. "ಎಲ್ಲಾ ಸಾಲ ಅಂತಲೇ ಇಟ್ಕೋ ಅಣ್ಣ," ಎಂದಳು ಅತ್ತೆ.

ಕಾಲೇಜಿಗೆ ಅತ್ತೆಯ ಜೊತೆ ಹುಡುಗಿಯೂ ಹೋದಳು. ಉದ್ದನೆಯ ಕೋಣೆ, ಮರದ ಬೆಂಚು, ನಾಲ್ಕು ಕಿಟಕಿ. ನಾಲ್ಕನೆಯ ಕಿಟಕಿಯಲ್ಲಿ ಕನ್ನಡಕದ ಮೇಡಂ ಒಬ್ಬರು ಕಾಗದದ ಮೇಲೆ ಸ್ಕೇಲು ಇಟ್ಟು ಒಂದೊಂದೇ ಸಾಲು ಓದುತ್ತಿದ್ದರು.

ಅತ್ತೆಯ ಕಾಗದದ ಮಧ್ಯದಲ್ಲಿ ಸ್ಕೇಲು ನಿಂತಿತು.

"ಅರ್ಜಿಯಲ್ಲಿ ನಲವತ್ತೈದು ಅಂತಿದೆ. ಮಾರ್ಕ್ಸ್ ಕಾರ್ಡಲ್ಲಿ ನಲವತ್ತನಾಲ್ಕು ಪಾಯಿಂಟ್ ಆರು. ಯಾವುದು ನಿಜ?"

ಅತ್ತೆ ಬಗ್ಗಿ ನೋಡಿದಳು. ನೋಡುತ್ತಲೇ ಇದ್ದಳು.

"ನಲವತ್ತೈದು ಇದ್ರೆ ಮಾತ್ರ ಅರ್ಹತೆ. ಇಲ್ಲಿ ರೌಂಡ್ ಮಾಡೋದಿಲ್ಲ," ಎಂದರು ಮೇಡಂ. "ಸುಳ್ಳು ಮಾಹಿತಿ ಕೊಟ್ರೆ ಮೂರು ವರ್ಷ ಮತ್ತೆ ಅರ್ಜಿ ಹಾಕೋ ಹಾಗಿಲ್ಲ. ಇಲ್ಲೇ ಬರೆದಿದೆ ನೋಡಿ, ನಿಮ್ಮ ಸಹಿ ಮೇಲೆ."

ಹುಡುಗಿಯ ಕಿವಿ ಬಿಸಿಯಾಯಿತು. ಅತ್ತೆ ತನ್ನ ಕಡೆ ತಿರುಗುತ್ತಾಳೆ ಎಂದು ಕಾದಳು. ಅತ್ತೆ ತಿರುಗಲಿಲ್ಲ.

"ಅದು ನಾನು ಬರೆದಿದ್ದು," ಎಂದಳು ಹುಡುಗಿ. ಕಿಟಕಿ ಅವಳ ಗಲ್ಲಕ್ಕೆ ಬರುತ್ತಿತ್ತು. "ಅರ್ಧ ದಾಟಿದ್ರೆ ಮೇಲಕ್ಕೆ ಬರೀಬೇಕು."

"ಹಾಗಂತ ಯಾರು ಹೇಳಿದ್ದು?"

"ಶೆಡ್ಡಲ್ಲಿ. ಆಲೂಗಡ್ಡೆಗೆ."

ಹಿಂದೆ ಸಾಲಿನಲ್ಲಿದ್ದ ಯಾರೋ ಕಿಸಕ್ಕೆಂದು ನಕ್ಕರು. ಮೇಡಂ ನಗಲಿಲ್ಲ.

"ಬರೆದಿದ್ದು ಅವಳು. ಓದದೆ ಸಹಿ ಹಾಕಿದ್ದು ನಾನು," ಎಂದಳು ಅತ್ತೆ. ಧ್ವನಿ ತಕ್ಕಡಿಯ ಹತ್ತಿರ ಕೂಗುವ ಧ್ವನಿಯೇ ಅಲ್ಲ. "ತಪ್ಪು ನನ್ನದೇ ಅಂತ ಬರ್ಕೊಳ್ಳಿ."

ಮೇಡಂ ಪೆನ್ನಿನ ಮುಚ್ಚಳ ತೆಗೆದರು. ಬರೆಯದೆ ಸ್ವಲ್ಪ ಹೊತ್ತು ಮಾರ್ಕ್ಸ್ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿದರು.

"ಸುಳ್ಳು ಹೇಳೋಕೆ ಬಂದವರು ಅಸಲಿ ಕಾಗದಾನ ಮುಂದೆ ತಂದಿಡೋದಿಲ್ಲ," ಎಂದರು. ಆಮೇಲೆ ಅರ್ಜಿಯ ಮೇಲೆ ಎರಡೇ ಪದ ಬರೆದರು. ಹುಡುಗಿ ತಲೆಕೆಳಗಾಗಿ ಓದಿದಳು. 'ಸುಳ್ಳು ಮಾಹಿತಿ' ಇರಲಿಲ್ಲ. 'ಅರ್ಹತೆ ಇಲ್ಲ' ಎಂದಿತ್ತು.

"ಇದನ್ನ ಬರೆದ್ರೆ ಮುಂದಿನ ವರ್ಷ ಮತ್ತೆ ಅರ್ಜಿ ಹಾಕಬಹುದು. ಆದ್ರೆ ಇಷ್ಟೇ ಮಾರ್ಕ್ಸ್ ಇಟ್ಕೊಂಡು ಬಂದ್ರೆ ಪ್ರಯೋಜನ ಇಲ್ಲ. ಎರಡು ಸಾವಿರಕ್ಕೆ ಎಂಟುನೂರ ತೊಂಬತ್ತೆರಡು ಬಂದಿದೆ. ಒಂಬೈನೂರು ಬೇಕು."

"ಎಂಟೇ ಮಾರ್ಕು," ಎಂದಳು ಅತ್ತೆ.

"ಅರ್ಥಶಾಸ್ತ್ರದಲ್ಲಿ ಮೂವತ್ತಾರು ತಗೊಂಡಿದ್ದೀರಿ. ಹಳೇ ಪೇಪರ್ ಮತ್ತೆ ಬರೆಯೋಕೆ ಅವಕಾಶ ಇದೆಯಾ ಅಂತ ನಿಮ್ಮ ಡಿಗ್ರಿ ಕಾಲೇಜಲ್ಲಿ ಕೇಳಿ. ಕೆಲವು ಕಡೆ ಇರುತ್ತೆ. ಕೋರ್ಸ್ ಫೀಸು ನಾವು ತಗೊಂಡಿಲ್ಲ, ನಿಮ್ಮ ಹಣ ನಿಮ್ಮ ಹತ್ರಾನೇ ಇದೆ. ಅರ್ಜಿ ಫೀಸು ಮಾತ್ರ ವಾಪಸ್ ಬರಲ್ಲ. ನೆಕ್ಸ್ಟ್!"

ಡಿಗ್ರಿ ಕಾಲೇಜು ಅದೇ ರಸ್ತೆಯ ಆ ತುದಿಯಲ್ಲಿತ್ತು. ಅತ್ತೆ ಒಳಗೆ ಹೋಗಿ ಅರ್ಧ ಗಂಟೆಯ ಮೇಲೆ ಹೊರಬಂದಳು. ಕೈಯಲ್ಲಿ ಪೇಪರ್ ಮತ್ತೆ ಬರೆಯಲು ಹಾಕುವ ಹಳದಿ ಫಾರ್ಮ್ ಇತ್ತು. ಬಸ್ಸಿನಲ್ಲಿ ಕೂತು ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ತಿರುಗಿಸಿ ಹಿಂದಿನ ಪುಟವನ್ನೂ ಓದಿದಳು.

"ನಾನು ಸರಿಯಾಗಿ ಬರೆದಿದ್ರೆ ಏನಾಗ್ತಿತ್ತು?" ಹುಡುಗಿ ಕೇಳಿದಳು.

"ಫಾರ್ಮ್ ಅಲ್ಲೇ ನಿಂತುಬಿಡ್ತಿತ್ತು. ಎಂಟುನೂರು ಉಳೀತಿತ್ತು."

ಅತ್ತೆ ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ಹುಡುಗಿ ಕಿಟಕಿಯ ಸರಳು ಹಿಡಿದುಕೊಂಡು ಲೆಕ್ಕ ಹಾಕಿದಳು. ಅವಳ ಡಬ್ಬಿಯಲ್ಲಿ ಇನ್ನೂರ ಹತ್ತು ಇತ್ತು. ಉಳಿದ ಐನೂರ ತೊಂಬತ್ತು ಹೇಗಾದರೂ ಮಾಯವಾಗಿಬಿಡಲಿ ಎಂದು ದಾರಿಯುದ್ದಕ್ಕೂ ಬಯಸಿದಳು.

ಮನೆಯಲ್ಲಿ ಅತ್ತೆ ಹದಿನೆಂಟು ಸಾವಿರವನ್ನು ಹಾಗೆಯೇ ಅಪ್ಪನ ಮುಂದಿಟ್ಟಳು. ಹಳದಿ ಫಾರ್ಮನ್ನೂ ಇಟ್ಟಳು. ನಡೆದದ್ದನ್ನೆಲ್ಲ ಹೇಳಿದಳು. ಆಲೂಗಡ್ಡೆಯ ಮಾತು ಬಂದಾಗ ಅಜ್ಜಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು.

"ಎಂಟುನೂರು ಬಾಕಿ," ಎಂದಳು ಅತ್ತೆ.

ಅಪ್ಪ ಫಾರ್ಮನ್ನು ಮುಟ್ಟಲಿಲ್ಲ. ಹಣವನ್ನು ಪೆಟ್ಟಿಗೆಗೆ ಹಾಕಿ ಬೀಗ ಒತ್ತಿದ. "ಹೋಗ್ಲಿ ಬಿಡು. ಮನೇಲಿ ಬಾಕಿ ಗೀಕಿ ಏನು? ನೀನು ಈ ಓದಿನ ಗೊಡವೆ ಬಿಟ್ರೆ ಸಾಕು, ಲೆಕ್ಕ ಚುಕ್ತಾ ಆಯ್ತು ಅಂದ್ಕೊಳ್ತೀನಿ."

ಅವನು ಕೋಪದಿಂದ ಹೇಳಲಿಲ್ಲ. ಪ್ರೀತಿಯಿಂದಲೇ ಹೇಳಿದ.

ಎಂಟುನೂರು ಒಂದೇ ಮಾತಿಗೆ ಮಾಯವಾಗಿತ್ತು. ಹುಡುಗಿ ಬಸ್ಸಿನಲ್ಲಿ ಬೇಡಿಕೊಂಡದ್ದು ಅದನ್ನೇ. ಆದರೆ ಅತ್ತೆ ಹಳದಿ ಫಾರ್ಮನ್ನು ಮೆಲ್ಲಗೆ ಎತ್ತಿಕೊಂಡು ನಾಲ್ಕಾಗಿ ಮಡಿಸುತ್ತಿದ್ದಳು. ಹುಡುಗಿ ಆ ಕೈಗಳನ್ನೇ ನೋಡಿದಳು.

"ಬಿಡ್ಬೇಡ ಅಪ್ಪ," ಎಂದಳು. "ಬಾಕಿ ಇರ್ಲಿ."

"ಏನೇ?"

"ಎಂಟುನೂರು ಬಾಕಿ ಇರ್ಲಿ. ಅತ್ತೆ ಕೊಡ್ತಾಳೆ."

"ಇದೇನಪ್ಪಾ!" ಎಂದಳು ಅಜ್ಜಿ. "ಓದೋಕೆ ಹೋದೋಳು ಅವಳು, ವಕೀಲಿ ಮಾಡ್ತಿರೋಳು ಇವಳು!"

ಫಾರ್ಮ್ ಮಡಿಸುತ್ತಿದ್ದ ಕೈ ನಿಂತಿತು. ಅಪ್ಪ ತಂಗಿಯ ಮುಖ ನೋಡಿದ, ಮಗಳ ಮುಖ ನೋಡಿದ.

"ಸರಿ, ಯಾವಾಗ ಕೊಡ್ತೀಯ?"

"ಮುಂದಿನ ವರ್ಷ. ಫೀಸಿಗೆ ಮತ್ತೆ ಕೇಳೋಕೆ ಬರ್ತೀನಲ್ಲ, ಅವತ್ತು," ಎಂದಳು ಅತ್ತೆ.

ಅಪ್ಪ ಉಸಿರುಬಿಟ್ಟು ಎದ್ದ. ಬರೆದಿಡಲು ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋಗಿ, ಕಿವಿಯ ಮೇಲೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದ.

"ಪೆನ್ಸಿಲ್ ಬೇಡ," ಎಂದು ಹುಡುಗಿ ಪೆನ್ನು ತರಲು ಓಡಿದಳು.