ಕನ್ಯೆಯ ಮೌನಕ್ಕೊಂದು ಅಡಿಟಿಪ್ಪಣಿ

ಡಿ. ಮುಲ್ಲಾ ಎಂದರೆ ಬಿಳಿ ಗಡ್ಡದ ಹಿರಿಯರೇ ಇರಬೇಕು ಎಂದುಕೊಂಡಿದ್ದಳು ಶಮಶಾದ. ಪ್ರವಾದಿಯವರ ನುಡಿಗಳಾದ ಹದೀಸುಗಳನ್ನು ಕನ್ನಡದಲ್ಲಿ ಹಾಕುವ ಒಂದು ವೆಬ್‌ಸೈಟಿಗೆ ಅವರು ಅರಬ್ಬಿಯಿಂದ ಅನುವಾದಿಸುತ್ತಿದ್ದರು. ಜುಗೂಳದ ಮನೆಯಲ್ಲಿ ಕೂತು ಆ ಕನ್ನಡವನ್ನು ತಿದ್ದುವ ಕೆಲಸ ಇವಳದು. ಪ್ರತಿ ತಿದ್ದುಪಡಿಯ ಕೆಳಗೆ ‘ಹಜರತ್, ತಪ್ಪು ತಿಳಿಯಬೇಡಿ’ ಎಂದು ಬರೆಯುತ್ತಿದ್ದಳು.

ಸೈಟಿನವರೆಲ್ಲ ಚಿಕ್ಕೋಡಿಯಲ್ಲಿ ಸೇರಿದ ದಿನ, ಕೂದಲಿಗೆ ಹತ್ತಿಯ ಎಳೆ ಅಂಟಿಸಿಕೊಂಡ ಯುವಕನೊಬ್ಬ ಅವಳ ಮುಂದೆ ಬಂದು ನಿಂತ.

“ಆ ಹಜರತ್ ನಾನ ರೀ,” ಎಂದ. “ದಸ್ತಗೀರ. ಬೋರಗಾಂವದಾಗ ನಮ್ಮ ಮಗ್ಗ ಅದಾವ.”

ಅವಳು ದುಪಟ್ಟಾದ ತುದಿಯಲ್ಲಿ ನಗು ಮುಚ್ಚಿಕೊಂಡಳು. ಅವನ ಕಣ್ಣು ಅದನ್ನು ಕಂಡೂ ಕಾಣದಂತೆ ಕಿಟಕಿಯತ್ತ ಹೊರಳಿತು. ಕಿವಿ ಮಾತ್ರ ಕೆಂಪಾಗಿತ್ತು.

ಮರಾಠಿ ಶಾಲೆಯಲ್ಲಿ ಓದಿ, ಆಮೇಲೆ ಮದರಸಾದಲ್ಲಿ ಅರಬ್ಬಿ ಕಲಿತವನು ಅವನು. ಕನ್ನಡ ಬರೆಯುವಾಗ ಎಡವುತ್ತಿದ್ದ. ಒಮ್ಮೆ ‘ನಿಂತಾಗ ರಾಗ ಬಂದರೆ ಕುಳಿತುಕೊಳ್ಳಿ’ ಎಂದು ಬರೆದು ಕಳಿಸಿದ. ಮರಾಠಿಯಲ್ಲಿ ರಾಗ ಎಂದರೆ ಸಿಟ್ಟು ಎಂಬುದು ಅವಳಿಗೂ ಗೊತ್ತಿತ್ತು. ಆದರೂ ಫೋನು ಮಾಡಿ, “ಹಾಡು ಬಂದ್ರ ಯಾಕ ಕುಂದ್ರಬೇಕ್ರಿ?” ಎಂದು ಕೇಳಿದಳು. ಮಗ್ಗಗಳ ಸದ್ದಿನ ನಡುವೆ ಅವನ ನಗು ಕೇಳಿಸಿತು. ಅವತ್ತಿನಿಂದ ತಿದ್ದುಪಡಿಗಳು ಫೋನಿನಲ್ಲೇ ನಡೆದವು. ಕೆಲವೊಮ್ಮೆ ತಿದ್ದಲು ಏನೂ ಇಲ್ಲದಿದ್ದರೂ ಫೋನು ಬರುತ್ತಿತ್ತು.

ಮದುವೆಯ ಅಧ್ಯಾಯ ಬಂದಾಗ ಇಬ್ಬರಿಗೂ ಜಗಳವಾಯಿತು. ಕನ್ಯೆಯ ಒಪ್ಪಿಗೆ ಕೇಳದೆ ನಿಕಾಹ್ ಮಾಡಬಾರದು, ಅವಳ ಮೌನವೇ ಅವಳ ಒಪ್ಪಿಗೆ ಎಂಬ ಅರ್ಥದ ಸಾಲು ಅದು.

“ನಾಚಿ ಸುಮ್ಮನಿರೂದು ಬ್ಯಾರೆ, ಅಂಜಿ ಸುಮ್ಮನಿರೂದು ಬ್ಯಾರೆ,” ಎಂದಳು ಶಮಶಾದ. “ಓದಿದವ್ರಿಗೆ ಅದು ಹ್ಯಾಂಗ ತಿಳಿಬೇಕು?”

ಮೂಲದಲ್ಲಿ ಇಲ್ಲದ ಒಂದು ಅಕ್ಷರವನ್ನೂ ತಾನು ಸೇರಿಸಲಾರೆ, ಅದು ನಂಬಿ ಕೈಗೊಪ್ಪಿಸಿದ ಅಮಾನತ್ತು ಎಂದ ಅವನು. ಅವಳು ಫೋನಿಟ್ಟುಬಿಟ್ಟಳು. ಮರುದಿನ ಅವನೇ ಫೋನು ಮಾಡಿದ. ಹುಡುಗಿಗೆ ಮನಸ್ಸಿಲ್ಲವೆಂದು ಕಂಡರೆ ಆ ಮೌನ ಒಪ್ಪಿಗೆಯಲ್ಲ ಎಂದು ಹಿಂದಿನ ವಿದ್ವಾಂಸರೇ ಹೇಳಿದ್ದಾರಂತೆ. ಸರಿಯಾಗಿ ಹುಡುಕಿ ಅಡಿಟಿಪ್ಪಣಿ ಬರೆಯುತ್ತೇನೆ ಎಂದ.

ಅವನು ಅದನ್ನು ಬರೆಯುವ ಮೊದಲೇ ಮಿರಜಿನಿಂದ ಅವಳ ಸೋದರತ್ತೆ ಬಂದಳು. ಅಣ್ಣನ ಮಗಳಲ್ಲವೆ? ತನ್ನ ಮಗನಿಗೇ ಎಂದು ಅವಳು ಮೊದಲಿಂದಲೂ ಹೇಳುತ್ತ ಬಂದಿದ್ದಳು. ಅಬ್ಬಾ ರಾಜೇಸಾಬ ಮಗಳನ್ನು ಕರೆದು ಎಲ್ಲರೆದುರು ಒಪ್ಪಿಗೆ ಕೇಳಿದ. ತಂಗಿಯ ಪಕ್ಕ ಕೂತ ಅಬ್ಬಾನ ಮುಖದಲ್ಲಿ ಎಷ್ಟೊಂದು ಸಂತೋಷವಿತ್ತೆಂದರೆ ಶಮಶಾದಳಿಗೆ ಬೇಡವೆನ್ನಲಾಗಲಿಲ್ಲ. ಅವಳು ತಲೆ ತಗ್ಗಿಸಿದಳು. ಅತ್ತೆ ನಗುತ್ತ ಅವಳ ಬಾಯಿಗೆ ಸಕ್ಕರೆ ಹಾಕಿ ಬೆರಳಿಗೆ ಉಂಗುರ ತೊಡಿಸಿದಳು.

ಸುದ್ದಿಯನ್ನು ಅವಳು ಫೋನಿನಲ್ಲಿ ದಸ್ತಗೀರನಿಗೆ ಹೇಳಿದಳು.

“ಆ ಟಿಪ್ಪಣಿ ಬರದ್ರೇನು?” ಎಂದು ಕೇಳಿದಳು.

“ಈಗ ನಾ ಬರಿಯಾಕ ಬರೂದಿಲ್ಲ, ಶಮಶಾದ.” ಮೊದಲ ಸಲ ಅವಳ ಹೆಸರು ಹಿಡಿದು ಕರೆದಿದ್ದ. “ನನ್ನ ಮನಸ್ಸಿನಾಗ ನೀವು ಅದೀರಿ. ಹಿಂಗಿದ್ದಾಗ ನಾ ಬರದ್ರ, ನನ್ನ ಸಲುವಾಗಿ ದೀನ್-ಧರ್ಮದ ಅರ್ಥ ತಿರುವಿದಂಗ ಆಕ್ಕೈತಿ.”

ಆ ಪುಟವನ್ನು ರಾಯಬಾಗದ ಹಿರಿಯ ಮೌಲಾನಾ ಒಬ್ಬರಿಗೆ ಒಪ್ಪಿಸಿದ್ದೇನೆ ಎಂದ. ಈ ಮದುವೆ ಬೇಡವೆನ್ನುವುದಿದ್ದರೆ ನಿಮಗಾಗಿ ಬೇಡವೆನ್ನಿ, ನನಗಾಗಿ ಬೇಡ. ನೀವು ತೀರ್ಮಾನಿಸುವವರೆಗೆ ನಾನು ಫೋನು ಮಾಡುವುದಿಲ್ಲ ಎಂದ. ಮಾಡಲೂ ಇಲ್ಲ.

ಶಮಶಾದಳಿಗೆ ಅವನ ಮೇಲೆ ಸಿಟ್ಟು ಬಂತು. ಪ್ರೀತಿಯ ಮಾತನ್ನು ಕೊಟ್ಟು, ಅದೇ ಉಸಿರಿನಲ್ಲಿ ದೂರ ಹೋದವನನ್ನು ಏನೆನ್ನಬೇಕು? ಅತ್ತೆ ನಿಕಾಹ್‌ನ ಬಟ್ಟೆ ಆರಿಸಲು ಕರೆಯುತ್ತಿದ್ದಳು. ಅಬ್ಬಾ ಕಬ್ಬಿಗೆ ನೀರು ಹಾಯಿಸುತ್ತ ಹಾಡಿಕೊಳ್ಳುತ್ತಿದ್ದ. ಒಂದು ದಿನ ಬುತ್ತಿ ಒಯ್ದವಳು ಕಾಲುವೆಯ ದಂಡೆಯಲ್ಲೇ ನಿಂತುಬಿಟ್ಟಳು.

“ಅಬ್ಬಾ, ಅವತ್ತ ನಾ ಒಪ್ಪಿ ಸುಮ್ಮಿರಲಿಲ್ಲ. ನಿಮ್ಮ ಮಾರಿ ನೋಡಿ ಸುಮ್ಮಿದ್ದೆ.”

ಅಬ್ಬಾ ಸಲಿಕೆ ಊರಿ ನಿಂತ. ಬೇರೆ ಯಾರಾದರೂ ಇದ್ದಾರೇನು ಎಂದು ಕೇಳಿದ.

“ಅದಾನ್ರಿ. ಅವ ಇರದಿದ್ರೂ ನನಗ ಈ ಮದುವಿ ಬ್ಯಾಡಾಗಿತ್ತು.”

ಅವನು ಬುತ್ತಿ ಬಿಚ್ಚಲಿಲ್ಲ. ಬಯ್ಯಲೂ ಇಲ್ಲ. ಉಂಗುರ ಇಸಿದುಕೊಂಡು ಮರುದಿನವೇ ಮಿರಜಿಗೆ ಹೋದ. ತಂಗಿ ಅವನನ್ನು ಹೊಸ್ತಿಲಲ್ಲೇ ನಿಲ್ಲಿಸಿ, ಉಂಗುರ ತೆಗೆದುಕೊಂಡು ಬಾಗಿಲು ಹಾಕಿಕೊಂಡಳು. ನೀರನ್ನೂ ಕುಡಿಯದೆ ಅವನು ಮರಳಿದ.

“ನಿನ್ನ ಮ್ಯಾಲ ನನಗ ಸಿಟ್ಟಿಲ್ಲ, ಬೇಟಿ,” ಎಂದ. “ಆದ್ರ ನನ್ನ ತಂಗಿ ನನ್ನ ಕೂಡ ಮಾತಾಡೂತನಕ ಈ ಮನ್ಯಾಗ ಮತ್ತೊಂದು ಮದುವಿ ಮಾತು ಎತ್ತಬ್ಯಾಡ.”

ಮನಸ್ಸಿಲ್ಲದ ಮೌನ ಒಪ್ಪಿಗೆಯಲ್ಲ ಎಂಬ ಮೌಲಾನಾರ ಟಿಪ್ಪಣಿ ಸೈಟಿನಲ್ಲಿ ಬಂದ ವಾರ ಅವಳು ದಸ್ತಗೀರನಿಗೆ ಫೋನು ಮಾಡಿದಳು. ಕಾಗವಾಡದ ಬಸ್‌ಸ್ಟ್ಯಾಂಡಿಗೆ ಅವನು ಬಂದ. ನಡೆದದ್ದನ್ನೆಲ್ಲ ಹೇಳಿದಳು. ಅವಳ ಬರಿ ಬೆರಳನ್ನು ಒಮ್ಮೆ ನೋಡಿ ಅವನು ಕಣ್ಣು ಕೆಳಗಿಳಿಸಿದ.

“ವರ್ಷ ಆಗಬಹುದು. ಹೆಚ್ಚೂ ಆಗಬಹುದು,” ಎಂದಳು. “ನೀವು ಹೇಳಿ ಹೋದ್ರಿ, ನನ್ನ ಮಾತು ಕೇಳಲಿಲ್ಲ. ನನ್ನ ಮನಸ್ಸಿನಾಗೂ ನೀವ ಅದೀರಿ.”

ಅವನ ಕಣ್ಣು ತುಂಬಿತು. ಕಾಯುತ್ತೇನೆ ಎನ್ನಲು ಹೋಗಿ ಮರಾಠಿಯಲ್ಲಿ ಏನೋ ಅಂದ. ಅವಳು ಅದನ್ನು ತಿದ್ದಲಿಲ್ಲ. ಬಸ್ಸು ಬಂತು, ಅವನು ಹತ್ತಿದ.

ಮನೆಗೆ ಬಂದಾಗ ಅಬ್ಬಾ ಜೋಳದ ರೊಟ್ಟಿಯ ಮೇಲೆ ಬಟ್ಟೆ ಮುಚ್ಚಿ ಗೋಡೆಗೆ ಒರಗಿ ಕೂತಿದ್ದ. ಎಲ್ಲಿಗೆ ಹೋಗಿದ್ದೆ ಎಂದು ಕೇಳಲಿಲ್ಲ. ಅವಳು ಕೈತೊಳೆದು ಎದುರಿಗೆ ಕೂರುವವರೆಗೂ ಅವನು ಉಂಡಿರಲಿಲ್ಲ.