ಮುಚ್ಚಳದ ಮೇಲಿನ ಹೆಬ್ಬಟ್ಟು

ಉಪಕಾರಕ್ಕೆ ಇದು ಕಾಲವಲ್ಲ ಎಂದು ಡಾಕ್ಟರ್ ಬಸವಲಿಂಗ ಅವರಿಗೆ ಖಾತ್ರಿಯಾದದ್ದು ಕರೆಮ್ಮ ಪೊಲೀಸರಿಗೆ ದೂರು ಕೊಟ್ಟ ದಿನ. ಶಹಾಪುರದಲ್ಲಿ ಅವರ ಆಸ್ಪತ್ರೆಯ ಪಕ್ಕದ ಖಾನಾವಳಿಯಲ್ಲಿ ರೊಟ್ಟಿ ಬಡಿಯುವವಳು ಅವಳು. ಹೊಟ್ಟೆಯೊಳಗಿನ ಗಡ್ಡೆ ತೆಗೆಸಿಕೊಳ್ಳಲು ಬಂದಿದ್ದಳು. ಹೇಗೂ ಹೊಟ್ಟೆ ಕೊಯ್ದದ್ದಾಗಿದೆ, ಮುಂದೆ ಮತ್ತೆ ತಕರಾರು ಯಾಕೆ ಎಂದು ಅವರು ಗರ್ಭಚೀಲವನ್ನೇ ತೆಗೆದುಬಿಟ್ಟಿದ್ದರು. ಅವಳನ್ನು ಕೇಳಿರಲಿಲ್ಲ, ಹೇಳಿರಲೂ ಇಲ್ಲ. ರೊಟ್ಟಿ ಬಡಿಯುವವಳಿಗೆ ವೈದ್ಯಶಾಸ್ತ್ರ ಏನು ತಿಳಿದೀತು?

ಮುಟ್ಟು ನಿಂತಿತೆಂದು ಹಿಗ್ಗಿ ಯಾದಗಿರಿಗೆ ಸ್ಕ್ಯಾನಿಂಗಿಗೆ ಹೋದವಳಿಗೆ ಅಲ್ಲಿ ಸಂಗತಿ ಗೊತ್ತಾಗಿತ್ತು. ಮರುದಿನ ಎಂದಿನಂತೆ ಡಾಕ್ಟರರ ಊಟದ ಡಬ್ಬಿ ತಂದು ಮೇಜಿನ ಮೇಲಿಟ್ಟಳು.

"ನಮ್ಮ ಸಪ್ನಾನ ಬೆನ್ನಿಗೆ ಇನ್ನೊಂದು ಕೂಸು ಬೇಕಿತ್ರಿ. ಒಂದು ಮಾತು ಕೇಳಬೇಕಿಲ್ರಿ ಸಾಹೇಬ್ರ?"

ಅತ್ತಳು, ಹೋದಳು. ಉಂಡ ಮನೆಗೆ ಎರಡು ಬಗೆಯುವ ಜನ ಎಂದುಕೊಂಡು ಡಾಕ್ಟರರು ಊಟ ಮಾಡಿದರು. ರೊಟ್ಟಿ ಮಾತ್ರ ಮೆತ್ತಗೆ ಚೆನ್ನಾಗಿತ್ತು.

ಸಂಜೆ ದೂರಿನ ಸುದ್ದಿ ಬಂತು. "ಒಪ್ಪಿಗೆಪತ್ರ ಇದ್ರ ಬಚಾವ್ರಿ, ಇಲ್ಲಂದ್ರ ಜೈಲ್," ಎಂದರು ವಕೀಲರು. ಖಾಲಿ ಒಪ್ಪಿಗೆಪತ್ರಗಳ ಕಟ್ಟು ಕಪಾಟಿನಲ್ಲಿತ್ತು, ಯಾವತ್ತೂ ಬಿಚ್ಚಿರಲಿಲ್ಲ. ಬೇಕಾದದ್ದು ಓದು ಬಾರದ ಕರೆಮ್ಮನ ಹೆಬ್ಬಟ್ಟು.

ಆಗ ಕಣ್ಣಿಗೆ ಬಿದ್ದದ್ದು ವಾಪಸು ಹೋಗದ ಆ ಸ್ಟೀಲಿನ ಡಬ್ಬಿ. ಮುಚ್ಚಳದ ಮೇಲೆ ಒಂದು ಹೆಬ್ಬಟ್ಟು, ಗೆರೆ ಗೆರೆಯೂ ಎಣಿಸುವಷ್ಟು ಸ್ಪಷ್ಟ. ಡಬ್ಬಿ ತೊಳೆದವಳು, ಮುಚ್ಚಿದವಳು, ತಂದಿಟ್ಟವಳು ಎಲ್ಲ ಅವಳೇ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಡಾಕ್ಟರರು ಕೈಗವಸು ತೊಟ್ಟರು. ಪುಡಿ ಉದುರಿಸಿದರು, ಅಂಟುಪಟ್ಟಿಯಲ್ಲಿ ಗುರುತನ್ನು ಎತ್ತಿದರು, ರಬ್ಬರಿನಲ್ಲಿ ಅಚ್ಚು ಮಾಡಿದರು. ನಾಲ್ಕನೆಯ ಪ್ರಯತ್ನದಲ್ಲಿ ಗುರುತು ಪತ್ರದ ಮೇಲೆ ಹೂವಿನಂತೆ ಮೂಡಿತು. ಆಪರೇಷನ್ನಿನ ಹಿಂದಿನ ದಿನದ ತಾರೀಖು ಹಾಕಿ, ಅಚ್ಚನ್ನು ಸುಟ್ಟು, ಡಬ್ಬಿಯನ್ನು ತಾವೇ ಬೆಳಗಿಟ್ಟರು.

ಸಬ್ ಇನ್‌ಸ್ಪೆಕ್ಟರ್ ಸುನೀಲಕುಮಾರ ಪತ್ರವನ್ನು ವಶಕ್ಕೆ ಪಡೆದ. ಹೋಲಿಸಿ ನೋಡಲು ಆಸ್ಪತ್ರೆಯವರೆಲ್ಲರ ಹೆಬ್ಬಟ್ಟೂ ಬೇಕೆಂದ. ಡಾಕ್ಟರರು ಚಹಾ ತರಿಸಿ, ತಾವೇ ಎಲ್ಲರಿಗಿಂತ ಮೊದಲು ಒತ್ತಿದರು.

ತಿಂಗಳ ಮೇಲೆ ಅವನು ವರದಿ ಹಿಡಿದು ಬಂದ. "ಡಾಕ್ಟ್ರ, ಕರೆಮ್ಮನ ಬೆರಳಾಗ ಗೆರಿನ ಇಲ್ರಿ. ಹದಿನೈದು ವರ್ಷ ಕಾದ ಹಂಚಿನ ಮ್ಯಾಲ ಬರಿಗೈಲೆ ರೊಟ್ಟಿ ತಿರುವ್ಯಾಳ, ಎಲ್ಲಾ ಸವದು ಹೋಗ್ಯಾವ. ರೇಷನ್ ಅಂಗಡಿ ಮಷೀನ್ ಸುದ್ದಾ ಆಕಿ ಹೆಬ್ಬಟ್ಟು ತಗೊಳಂಗಿಲ್ಲ." ಡಾಕ್ಟರರು, ಹಾಗಾದರೆ ಪತ್ರದ ಮೇಲಿರುವುದು ಯಾರದು ಎಂದು ಕೇಳಿದರು. "ನಿಮ್ದರಿ," ಎಂದ ಸುನೀಲಕುಮಾರ. ಕರೆಮ್ಮ ಅತ್ತು ಹೋದ ಆ ಮಧ್ಯಾಹ್ನ ತಮಗೆ ಬಹಳ ಹಸಿವಾಗಿತ್ತೆಂಬುದು ಡಾಕ್ಟರರಿಗೆ ಆಗ ನೆನಪಾಯಿತು. ಡಬ್ಬಿಯ ಮುಚ್ಚಳ ತೆಗೆದದ್ದು ತಾವೇ, ಬರಿಗೈಯಲ್ಲಿ.